ಪೊತ್ ಎನ್ನುವವರೆಗೆ

ತಾರೀಕು ೩, ಸೋಮವಾರ

ಇವತ್ತಿನಿಂದ ಇವಳ ಬಾಯಿಗೆ ಬೀಗ. ಇಪ್ಪತ್ತೊಂದು ದಿನ.

ಗಂಟಲಿನ ಡಾಕ್ಟರು ಮೂಗಿನೊಳಗಿಂದ ದಾರದಂಥ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಸ್ವರದ ಎರಡೂ ಎಳೆಗಳ ಮೇಲೆ ಒಂದೊಂದು ಗಂಟು, ಸಾಸಿವೆ ಕಾಳಿನಷ್ಟು. ವರ್ಷಗಟ್ಟಲೆ ಗಂಟಲು ಹರಿಯುವಂತೆ ಕೂಗಿದವರಿಗೆ ಹೀಗಾಗುತ್ತದಂತೆ. ನನಗೆ ಕಿವಿ ಕೊಂಚ ಮಂದ ಎಂದು ಇವಳು ಸನ್ನೆ ಮಾಡಿರಬೇಕು, ಡಾಕ್ಟರು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟರು. ಮಾತಾಡಬಾರದು, ಪಿಸುಗುಟ್ಟಲೂ ಬಾರದು, ಕೆಮ್ಮು ಬರಿಸುವ ಘಾಟಿನ ಹತ್ತಿರ ಸುಳಿಯಬಾರದು. ಗಂಟು ಕರಗದಿದ್ದರೆ ಆಪರೇಷನ್. ಆಮೇಲೂ ಮೊದಲಿನ ದನಿ ಬಂದೇ ಬರುತ್ತದೆಂದು ಹೇಳಲಾಗದು.

ಇವಳು ಒಂದನೇ ಕ್ಲಾಸಿನ ಟೀಚರ್. ಶಾಲೆ ಶುರುವಾಗುವುದು ಇಪ್ಪತ್ತಾರಕ್ಕೆ. ಅಷ್ಟರೊಳಗೆ ದನಿ ಸರಿಹೋಗದಿದ್ದರೆ ಹೆಡ್‌ಮಿಸ್ ಇವಳನ್ನು ಆಫೀಸಿನಲ್ಲಿ ಕೂರಿಸಿ ಹಾಜರಿ ಪುಸ್ತಕ ಬರೆಸುತ್ತಾರೆ. ನಿವೃತ್ತಿಗೆ ಇನ್ನೆರಡೇ ವರ್ಷ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಎಲ್ಲಕ್ಕೂ ಕಾರಣ ಆ ನಲವತ್ತು ಮಕ್ಕಳು. ಅಂಥ ಪಿಳ್ಳೆಗಳ ಹಿಂದೆ ಮೂವತ್ತು ವರ್ಷ ಕೂಗಾಡಿದರೆ ಗಂಟಲು ಏನಾಗಬೇಡ?

ಇದರ ಜೊತೆಗೆ ಸಾಸಿನ ತಲೆನೋವು ಬೇರೆ. ಪ್ರತಿ ವರ್ಷ ಶಾಲೆಯ ಮೊದಲ ದಿನಕ್ಕೆ ಇವಳು ಆರು ಬಾಟಲಿ ಟೊಮೆಟೊ ಸಾಸು ಮಾಡಿಕೊಂಡು ಹೋಗುತ್ತಾಳೆ. ಅಮ್ಮನ ಕೈ ಬಿಡದೆ ಅಳುವ ಮಕ್ಕಳಿಗೆ ತಲಾ ಒಂದು ಬ್ರೆಡ್ಡು, ಅದರ ಮೇಲೆ ಸಾಸಿನಲ್ಲಿ ಬರೆದ ಮುಖ. ಎರಡು ಕಣ್ಣು, ನಗುವ ಒಂದು ಬಾಯಿ. ಮಗು ಮೊದಲು ಕಣ್ಣು ತಿನ್ನಬೇಕೋ ಬಾಯಿ ತಿನ್ನಬೇಕೋ ಎಂದು ಯೋಚಿಸುವಷ್ಟರಲ್ಲಿ ಅಳು ಮರೆತಿರುತ್ತದೆ ಎನ್ನುತ್ತಾಳೆ. ತರಕಾರಿಯವಳಿಗೆ ಎರಡು ಬುಟ್ಟಿ ಟೊಮೆಟೊ ಹೇಳಿ ತಿಂಗಳಾಯಿತು. ಖಾರದ ಪುಡಿ, ವಿನೆಗರ್ ಕುದಿಯುವ ಅಡುಗೆಮನೆಗೆ ಈಗ ಇವಳು ಕಾಲಿಡುವಂತಿಲ್ಲ. ಈ ಸಲ ಬೇಡವೆಂದುಬಿಡೋಣ ಎಂದೆ. ಇವಳು ಸ್ಲೇಟು ತಂದು ಬರೆದಳು: "ನಾನು ಕ್ಲಾಸಲ್ಲಿ ಇರ್ತೀನೋ ಇಲ್ವೋ, ಸಾಸು ಹೋಗ್ಬೇಕು ರೀ."

ನಾನೇ ಮಾಡುತ್ತೇನೆ ಬಿಡು ಎಂದೆ. ಪೇಂಟ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಣ್ಣ ಎಷ್ಟು ಗಟ್ಟಿ ಎಷ್ಟು ತೆಳು ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಇದೂ ಒಂದು ಕೆಂಪು ಬಣ್ಣ, ಅಷ್ಟೇ ತಾನೆ.


ತಾರೀಕು ೫, ಬುಧವಾರ

ಮೂರು ದಿನವಾಯಿತು. ಮನೆಯಲ್ಲಿ ಅಂಥ ವ್ಯತ್ಯಾಸವೇನೂ ಕಾಣುತ್ತಿಲ್ಲ. ನನ್ನನ್ನು ಕರೆಯಬೇಕಾದರೆ ಇವಳು ಚಮಚದಿಂದ ಸ್ಟೀಲ್ ತಟ್ಟೆ ಬಡಿಯುತ್ತಾಳೆ. ಎರಡನೇ ಸಲಕ್ಕೆ ನನಗೆ ಗೊತ್ತಾಗುತ್ತದೆ, ಹೆಚ್ಚೆಂದರೆ ಮೂರನೇ ಸಲಕ್ಕೆ. ಆಮೇಲೆ ಸ್ಲೇಟಿನಲ್ಲಿ ಓದಿಕೊಂಡರಾಯಿತು. ನಿಜ ಹೇಳಬೇಕೆಂದರೆ ಇದೇ ಅನುಕೂಲ.

ಮಗಳು ಮೊಬೈಲಿಗೆ ಬರೆದು ಕಳಿಸಿದ್ದಾಳೆ, ಈಗಲಾದರೂ ಕಿವಿ ಮಷಿನ್ ಹಾಕಿಕೋ ಅಪ್ಪ ಎಂದು. ಎರಡು ವರ್ಷದ ಹಿಂದೆ ಅವಳೇ ಕೊಡಿಸಿದ್ದು. ಒಂದು ದಿನ ಹಾಕಿಕೊಂಡಿದ್ದೆ. ತಟ್ಟೆ, ಲೋಟ, ಬಾಗಿಲು ಎಲ್ಲವೂ ನನ್ನ ಮೇಲೆ ಕಾಲು ಕೆರೆದು ಜಗಳಕ್ಕೆ ಬಂದವು. ತೆಗೆದು ಡ್ರಾಯರಿನಲ್ಲಿಟ್ಟವನು ಮತ್ತೆ ಮುಟ್ಟಿಲ್ಲ. ನನಗೇನು ಪೂರ್ತಿ ಕಿವುಡೇ? ಹತ್ತಿರ ಬಂದು ಗಟ್ಟಿಯಾಗಿ ಹೇಳಿದರೆ ಎಲ್ಲ ಕೇಳಿಸುತ್ತದೆ.


ತಾರೀಕು ೭, ಶುಕ್ರವಾರ

ಬ್ಯಾಚ್ ಒಂದು. ಟೊಮೆಟೊ ಹತ್ತು ಕಿಲೊ, ಈರುಳ್ಳಿ ಅರ್ಧ ಕಿಲೊ, ಬೆಳ್ಳುಳ್ಳಿ ಎರಡು ಗಡ್ಡೆ. ಬೇಯಿಸಿ, ಮಿಕ್ಸಿಗೆ ಹಾಕಿ, ಜರಡಿಯಲ್ಲಿ ಸೋಸಿ, ದೊಡ್ಡ ಆಳದ ಪಾತ್ರೆಯಲ್ಲಿ ಒಲೆಯ ಮೇಲಿಟ್ಟೆ. ಮುಚ್ಚಳ ಭದ್ರವಾಗಿ ಮುಚ್ಚಿ, ಮೇಲೊಂದು ಕಲ್ಲು ಹೇರಿದೆ. ಒಂದೂವರೆ ಗಂಟೆ ಅಲ್ಲಾಡಿಸಲಿಲ್ಲ.

ತೆರೆದು ನೋಡಿದರೆ ಕೆಂಪು ನೀರು. ಕಾರ್ಖಾನೆಯಿಂದ ಬರುವಾಗ ಹುಡುಗರು ನೆನಪಿಗೆಂದು ಕೊಟ್ಟ ತೂತಿನ ಬಟ್ಟಲು ನನ್ನ ಹತ್ತಿರವಿದೆ. ಅದರ ತುಂಬ ಬಣ್ಣ ತುಂಬಿ, ತಳದ ತೂತಿನಿಂದ ಪೂರ್ತಿ ಸೋರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ನೋಡುವುದು. ಹೆಚ್ಚು ಸೆಕೆಂಡು ಎಂದರೆ ಹೆಚ್ಚು ಗಟ್ಟಿ. ಸಾಸು ಹದಿನಾಲ್ಕು ಸೆಕೆಂಡಿನಲ್ಲಿ ಖಾಲಿ. ಸೀಲಿಂಗಿಗೆ ಹೊಡೆಯುವ ಸುಣ್ಣವೂ ಇದಕ್ಕಿಂತ ಗಟ್ಟಿ.

ಒಂದು ಲೋಟದಲ್ಲಿ ಹಾಕಿ ಇವಳಿಗೆ ತೋರಿಸಿದೆ. ಬ್ರೆಡ್ಡೊಂದನ್ನು ತಂದು, ಚಮಚದಲ್ಲಿ ಮುಖ ಬರೆದಳು. ಬರೆದು ಮುಗಿಸುವ ಮೊದಲೇ ಎರಡೂ ಕಣ್ಣು ಕರಗಿ ಕೆನ್ನೆಯ ಮೇಲೆ ಹರಿದವು. ಬಾಯಿ ಗಡ್ಡವಾಯಿತು. ಸ್ಲೇಟಿನಲ್ಲಿ ಬರೆದಳು: "ಬ್ರೆಡ್ಡೇ ಅಳ್ತಾ ಕೂತ್ರೆ ಮಕ್ಕಳು ಏನ್ಮಾಡ್ಬೇಕು?" ಆಮೇಲೆ ಅದರ ಕೆಳಗೆ, ಮುಚ್ಚಳ ಹಾಕಿದ್ರಾ ಎಂದು ಕೇಳಿದಳು. ಹಾಕದೆ ಮತ್ತೇನು, ಮುಚ್ಚಳ ತೆರೆದಿಟ್ಟರೆ ಬಣ್ಣದಲ್ಲಿರುವ ದ್ರವವೆಲ್ಲ ಆವಿಯಾಗಿ ಹೋಗುವುದಿಲ್ಲವೇ ಎಂದೆ. ಮುಚ್ಚಳ ಮರೆತ ಎಷ್ಟು ಜನರಿಗೆ ನಾನು ಮೆಮೊ ಕೊಟ್ಟಿಲ್ಲ.

ಇವಳು ಆ ಪ್ರಶ್ನೆಯ ಕೆಳಗೆ ಎರಡು ಗೆರೆ ಎಳೆದಳು. ಸ್ವಲ್ಪ ಹೊತ್ತಿಗೆ ನನಗೂ ಹೊಳೆಯಿತು. ಇಲ್ಲಿ ಆ ದ್ರವ ಹೋಗಬೇಕಾದದ್ದೇ.


ತಾರೀಕು ೮, ಶನಿವಾರ

ಸರಿಪಡಿಸಿದೆ. ಬುದ್ಧಿ ಇದ್ದವನಿಗೆ ಇದೆಲ್ಲ ಎಷ್ಟರದ್ದು.

ಹೋದ ವರ್ಷ ಇವಳು ಮಾಡಿದ ಸಾಸಿನ ಅರ್ಧ ಬಾಟಲಿ ಫ್ರಿಜ್ಜಿನ ಹಿಂದುಗಡೆ ಸಿಕ್ಕಿತು. ಅದನ್ನು ಬಟ್ಟಲಿಗೆ ಹಾಕಿ ನೋಡಿದೆ, ಐವತ್ತೆರಡು ಸೆಕೆಂಡು. ನನ್ನ ಗುರಿ ಸಿಕ್ಕಿತು. ಇನ್ನೆರಡು ಗಂಟೆ ಒಲೆಯ ಮುಂದೆ ನಿಲ್ಲುವುದು ಯಾರು? ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕಲಸಿ ಕುದಿಯುವ ಸಾಸಿಗೆ ಒಂದೊಂದೇ ಚಮಚ ಹಾಕುತ್ತ ಹೋದೆ. ಹತ್ತು ಚಮಚಕ್ಕೆ ಇಪ್ಪತ್ತೆಂಟು ಸೆಕೆಂಡು. ಹದಿನೆಂಟಕ್ಕೆ ನಲವತ್ತೊಂದು. ಇಪ್ಪತ್ತೈದನೇ ಚಮಚಕ್ಕೆ ಸರಿಯಾಗಿ ಐವತ್ತೆರಡು. ಬಿಸಿಬಿಸಿಯಾಗಿಯೇ ಆರು ಬಾಟಲಿಗೆ ತುಂಬಿ ಸಾಲಾಗಿ ನಿಲ್ಲಿಸಿದೆ. ಮೀಸೆ ತಿರುವಿಕೊಂಡೆ ಎಂದು ಇಲ್ಲಿ ಬರೆದರೆ ಯಾರೂ ನೋಡುವುದಿಲ್ಲ, ಹಾಗಾಗಿ ಬರೆಯುತ್ತೇನೆ. ತಿರುವಿಕೊಂಡೆ.

ಬಾಗಿಲು ತೆರೆದಾಗ ಹೊರಗಿನ ಕೋಣೆಯಲ್ಲಿ ಇವಳು ಸ್ಲೇಟು ಎತ್ತಿ ಹಿಡಿದಿದ್ದಳು: "ಇನ್ನೂ ಆಗಿಲ್ಲ, ಸದ್ದು ಬಂದಿಲ್ಲ." ಮುಚ್ಚಿದ ಬಾಗಿಲಿನ ಆಚೆ ಕೂತವಳಿಗೆ ಒಳಗಿನದ್ದು ಏನು ಗೊತ್ತು? ಸ್ಟಾಪ್‌ವಾಚ್ ತೋರಿಸಿದೆ.


ತಾರೀಕು ೯, ಭಾನುವಾರ

ಬಾಟಲಿ ಬೋರಲು ಹಾಕಿದೆ. ಬರಲಿಲ್ಲ. ತಟ್ಟಿದೆ, ಬರಲಿಲ್ಲ. ಚಾಕು ಹಾಕಿ ತಿರುವಿದರೆ ಮೇಣದ ಬತ್ತಿಯಂತೆ ಇಡಿಯಾಗಿ ಜಾರಿ ತಟ್ಟೆಯ ಮೇಲೆ ನಿಂತಿತು. ಬಾಟಲಿಯ ಕತ್ತು ಸಹಿತ ಅದರ ಮೇಲೆ ಅಚ್ಚಾಗಿತ್ತು.

ಇವಳ ಸಾಸನ್ನು ಫ್ರಿಜ್ಜಿನಿಂದ ತೆಗೆದು ತಣ್ಣಗಿರುವಾಗಲೇ ಅಳೆದೆ, ನನ್ನದನ್ನು ಕುದಿಯುವಾಗ ಅಳೆದೆ. ತಣ್ಣಗಾದ ಮೇಲೆ ಎಲ್ಲವೂ ಗಟ್ಟಿಯಾಗುತ್ತದೆ. ಎರಡನ್ನೂ ಒಂದೇ ಶಾಖದಲ್ಲಿ ಅಳೆಯಿರಿ ಎಂದು ಹೊಸಬರಿಗೆ ಮೂವತ್ತೊಂದು ವರ್ಷ ಪಾಠ ಹೇಳಿದವನು ನಾನೇ.

ಮೇಲಿನ ಮನೆಯ ಟೈಲರ್ ಮಹಡಿ ಇಳಿದು ಬಂದವನು ತಟ್ಟೆಯ ಮೇಲೆ ನಿಂತಿದ್ದನ್ನು ಸುತ್ತು ಹಾಕಿ ನೋಡಿದ. ಹೊಲಿಯೋದು ಬೇಕಿಲ್ಲ ಯಜಮಾನ್ರೇ, ಇದರಲ್ಲೇ ಕಾಲರ್ ಅಂಟಿಸಬಹುದು ಎಂದು ನನ್ನ ಕಿವಿಯ ಹತ್ತಿರ ಬಂದು ಹೇಳಿದ. ಇವಳು ಕುರ್ಚಿಯಲ್ಲೇ ಬಗ್ಗಿಹೋದಳು. ಹೆಗಲು ಕುಲುಕುತ್ತಿತ್ತು, ಕಣ್ಣಲ್ಲಿ ನೀರು, ಹೊಟ್ಟೆ ಹಿಡಿದುಕೊಂಡಿದ್ದಳು. ನಗಬೇಡ, ಗಂಟಲು, ಎಂದೆ. ಸದ್ದು ಮಾಡ್ತಿಲ್ಲ ಎಂದು ಕೈಯಾಡಿಸಿ ಹೇಳಿದಳು. ಇರಬಹುದು. ಮೊದಲು ನಗುವಾಗ ಸದ್ದು ಬರುತ್ತಿತ್ತೋ ಇಲ್ಲವೋ ನೆನಪಿಗೆ ತಂದುಕೊಳ್ಳಲು ನೋಡಿದೆ, ಬರಲಿಲ್ಲ.

ಟೈಲರನ ಸಲಹೆಯ ಮೇಲೆ ಬಿಸಿನೀರು ಹಾಕಿ ಕದಡಿ ಸೂಪ್ ಮಾಡಿದೆವು. ಟೈಲರನಿಗೆ ಎರಡು ಪಾತ್ರೆ ಕೊಟ್ಟ ಮೇಲೂ ನಾಲ್ಕು ದಿನಕ್ಕಾಗುವಷ್ಟಿದೆ.


ತಾರೀಕು ೧೨, ಬುಧವಾರ

ಸೂಪ್. ಮತ್ತೆ.

ಸಂಜೆ ಹೆಡ್‌ಮಿಸ್ ಬಂದಿದ್ದರು. ಇವಳ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. ಒಳ್ಳೆಯವರು. ಹೊರಡುವಾಗ ಗೇಟಿನವರೆಗೆ ಹೋದೆ. ಮಕ್ಕಳು ಇವಳ ಗಂಟಲು ತಿಂದುಹಾಕಿದವು ನೋಡಿ, ಕ್ಲಾಸಿನಲ್ಲಿ ಅಷ್ಟೊಂದು ಕೂಗಬೇಕಾ ಎಂದೆ. ಅವರು ನಿಂತುಬಿಟ್ಟರು. ನನ್ನ ಕಿವಿಗೆ ಬಗ್ಗಿ ಗಟ್ಟಿಯಾಗಿ ಹೇಳಿದರು, "ಅವರು ಕ್ಲಾಸಲ್ಲಿ ಕೂಗೋದೇ ಇಲ್ಲ ಸರ್. ಇಡೀ ಶಾಲೇಲಿ ಅವರಷ್ಟು ಮೆಲ್ಲಗೆ ಮಾತಾಡೋರು ಯಾರೂ ಇಲ್ಲ. ಅದಕ್ಕೇ ಮಕ್ಕಳು ಕಿವಿಗೊಟ್ಟು ಕೂತಿರ್ತಾವೆ."

ನನಗೆ ಪೂರ್ತಿ ಕೇಳಿಸಲಿಲ್ಲವೆಂದು ಅದನ್ನೇ ಮತ್ತೆರಡು ಸಲ ಹೇಳಿದರು. ಮೂರನೇ ಸಲಕ್ಕೆ ಅವರಿಗೆ ಕೆಮ್ಮು ಬಂತು. ಒಳಗೆ ಹೋಗಿ ನೀರು ತಂದುಕೊಟ್ಟೆ.

ಮೂರು ಸಲಕ್ಕೆ ಅವರಿಗೆ ಕೆಮ್ಮು ಬಂತು. ಇವಳು ಹೇಳಿದ್ದು ಎಷ್ಟು ಸಲ, ಎಷ್ಟು ವರ್ಷ.


ತಾರೀಕು ೧೩, ಗುರುವಾರ

ಬರೆಯುವಂಥದ್ದೇನಿಲ್ಲ. ಡ್ರಾಯರ್ ಸ್ವಚ್ಛ ಮಾಡಿದೆ. ಬಹಳ ದಿನದಿಂದ ಮಾಡಬೇಕೆಂದಿದ್ದೆ.


ತಾರೀಕು ೧೫, ಶನಿವಾರ

ಬ್ಯಾಚ್ ಎರಡು. ತರಕಾರಿಯವಳು ಎರಡನೇ ಬುಟ್ಟಿ ಇಳಿಸಿ ಹೋದಳು. ಇದು ಕೆಟ್ಟರೆ ಮತ್ತೆ ಇಂಥ ಹಣ್ಣು ಈ ತಿಂಗಳು ಸಿಗುವುದಿಲ್ಲವಂತೆ.

ಈ ಸಲ ಅಗಲದ ಪಾತ್ರೆ, ಸಣ್ಣ ಉರಿ, ಮುಚ್ಚಳವಿಲ್ಲ. ಸಿಡಿಯದಿರಲೆಂದು ಮೇಲೆ ಜರಡಿಯನ್ನು ಬೋರಲು ಹಾಕಿದೆ. ಎಷ್ಟು ಹೊತ್ತು ಎಂದು ಇವಳನ್ನು ಕೇಳಿದೆ. ಬಳಪ ತೆಗೆದುಕೊಂಡು ಸ್ಲೇಟಿನ ಎರಡೂ ಬದಿ ತುಂಬಿಸಿದಳು: "ಹೊತ್ತು ನೋಡ್ಬೇಡಿ. ಮೊದ್ಲು ಗುಳುಗುಳು ಅನ್ನುತ್ತೆ, ಅದು ನೀರು. ಆಮೇಲೆ ತಕಪಕ ಅನ್ನುತ್ತೆ. ಆಗ ಕೈಯಾಡಿಸ್ತಾ ಇರ್ಬೇಕು. ಕೊನೇಗೆ ಪೊತ್ ಅನ್ನುತ್ತೆ. ಒಂದು ಪೊತ್ತಿಂದ ಇನ್ನೊಂದು ಪೊತ್ತಿಗೆ ಒಂದು ಉಸಿರು ಎಳ್ಕೊಳ್ಳೋಷ್ಟು ಬಿಡುವಿರ್ಬೇಕು. ಅಷ್ಟೇ, ಆರಿಸಿಬಿಡಿ."

ಇದಲ್ಲವೇ ಲೆಕ್ಕ. ಎರಡು ಪೊತ್ತಿನ ನಡುವಿನ ಅಂತರ. ಮೊದಲೇ ಹೇಳಿದ್ದರೆ ಸ್ಟಾಪ್‌ವಾಚಿನಲ್ಲೇ ಹಿಡಿಯುತ್ತಿದ್ದೆ.

ಆದರೆ ಪೊತ್ ಕೇಳಬೇಕಲ್ಲ. ಕಣ್ಣಿನಿಂದ ನೋಡೋಣವೆಂದರೆ ಜರಡಿ ಎತ್ತಿದ ಕೂಡಲೇ ಕನ್ನಡಕದ ಮೇಲೆ ಆವಿ. ಒರೆಸಿಕೊಳ್ಳುವಷ್ಟರಲ್ಲಿ ಅಂಗಿಯ ಮೇಲೆ ಕೆಂಪು. ಮೆಕ್ಯಾನಿಕ್ಕುಗಳು ಇಂಜಿನ್ನಿಗೆ ಸ್ಕ್ರೂಡ್ರೈವರ್ ಹಚ್ಚಿ ದವಡೆಯಿಂದ ಕೇಳುವುದು ನೋಡಿದ್ದೇನೆ. ಸೌಟನ್ನು ಪಾತ್ರೆಗೆ ತಾಗಿಸಿ ಹಿಡಿಕೆಯನ್ನು ದವಡೆಗೆ ಒತ್ತಿಕೊಂಡೆ. ಏನೋ ಒಂದು ನಡುಗುತ್ತಿತ್ತು, ಅದು ಸಾಸೋ ನನ್ನ ಕೈಯೋ ತಿಳಿಯಲಿಲ್ಲ. ಅಷ್ಟರಲ್ಲಿ ಒಂದು ದೊಡ್ಡ ಹನಿ ಹಾರಿ ಮೀಸೆಯ ಮೇಲೆ ಕೂತಿತು. ಉರಿ ತಡೆಯಲಾರದೆ ಒಲೆ ಆರಿಸಿದೆ.

ಬಾಗಿಲು ತೆರೆದು ಹೊರಗೆ ಬಂದರೆ ಇವಳು ತಲೆ ಅಲ್ಲಾಡಿಸಿದಳು. ಆಗಿಲ್ಲ. ಅವಳಿಗೆ ಅಲ್ಲಿಂದ ಕೇಳಿಸುತ್ತದೆ. ಮೂರು ಗೇಣು ದೂರದಲ್ಲಿ ನಿಂತ ನನಗೆ ಕೇಳಿಸುವುದಿಲ್ಲ.

ಮೀಸೆಗೆ ಬೆಣ್ಣೆ ಹಚ್ಚಿದಳು. ಬೆರಳು ಮೆತ್ತಗಿತ್ತು. ನನಗೆ ಬಹಳ ಕೆಟ್ಟದೆನಿಸಿತು.


ತಾರೀಕು ೧೬, ಭಾನುವಾರ

ಆಯಿತು. ಆಯಿತು. ಆಯಿತು.

ಬೆಳಿಗ್ಗೆ ಇವಳು ಸ್ನಾನಕ್ಕೆ ಹೋದಾಗ ಕಿವಿ ಮಷಿನ್ನಿಗೆ ಹೊಸ ಬ್ಯಾಟರಿ ಹಾಕಿದೆ. ಸಾಸಿಗಾಗಿ ಮಾತ್ರ. ಕಾರ್ಖಾನೆಯಲ್ಲಿ ಕೈಗವಸು ಹಾಕುತ್ತಿದ್ದ ಹಾಗೆ, ಕೆಲಸ ಮುಗಿದ ಮೇಲೆ ಬಿಚ್ಚಿಡುವುದು. ಇವಳು ಸುಮ್ಮನೆ ಏನೇನೋ ಅಂದುಕೊಳ್ಳುವುದು ಬೇಡವೆಂದು ತಲೆಗೆ ಕಿವಿ ಮುಚ್ಚುವಂತೆ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಹೋಗಿ ನಿನ್ನೆಯ ಪಾತ್ರೆಯನ್ನೇ ಮತ್ತೆ ಒಲೆಗಿಟ್ಟೆ. ಯಾಕೆ ಎನ್ನುವಂತೆ ನೋಡಿದಳು. ಆವಿ ತಗುಲಬಾರದಲ್ಲ ಎಂದೆ.

ಮೊದಲ ಐದು ನಿಮಿಷ ತಲೆ ಕೆಟ್ಟುಹೋಯಿತು. ಫ್ರಿಜ್ಜು ಗೊಣಗುತ್ತಿತ್ತು. ನಲ್ಲಿಯಿಂದ ಹನಿ ಬೀಳುವುದು ಸುತ್ತಿಗೆ ಏಟಿನ ಹಾಗಿತ್ತು. ಗೋಡೆ ಗಡಿಯಾರಕ್ಕೆ ಸದ್ದಿದೆ. ಅದು ಸದ್ದಿಲ್ಲದ ಗಡಿಯಾರವೆಂದೇ ಹೊಗಳಿ ನಾನು ಕೊಂಡುತಂದದ್ದು. ಬೆಂಕಿಗೂ ಒಂದು ಸದ್ದಿದೆ, ಮೆಲ್ಲಗೆ ಯಾರೋ ಊದುತ್ತಿರುವಂತೆ. ಕಿತ್ತು ಬಿಸಾಡಬೇಕು ಎಂದು ಕೈ ಕಿವಿಯವರೆಗೆ ಹೋಯಿತು. ಅಷ್ಟರಲ್ಲಿ ಪಾತ್ರೆ ಮಾತಾಡಲು ಶುರು ಮಾಡಿತು.

ಗುಳುಗುಳು. ಇವಳು ಬರೆದ ಹಾಗೆಯೇ. ಒಂದಕ್ಷರ ಆಚೀಚೆ ಇಲ್ಲ. ಮುಕ್ಕಾಲು ಗಂಟೆ ಅದೇ. ಆಮೇಲೆ ಆ ಸದ್ದು ದಪ್ಪಗಾಗುತ್ತ ಬಂತು. ತಕ, ಪಕ, ತಕಪಕ. ಜರಡಿ ಸರಿಸಿ ಕೈಯಾಡಿಸಿದೆ, ಮುಚ್ಚಿದೆ, ಮತ್ತೆ ಕೈಯಾಡಿಸಿದೆ. ಸೌಟು ತಳ ಕೆರೆಯುವ ಸದ್ದು ಬೇರೆ, ಸಾಸು ಸೀಳುವ ಸದ್ದು ಬೇರೆ ಎಂದು ಗೊತ್ತಾಯಿತು. ಮಕ್ಕಳಂತೆ ಒಂದೆರಡು ಸಲ ಬೇಕೆಂದೇ ಕೆರೆದೆ.

ಒಂದು ಗಂಟೆ ಐವತ್ತು ನಿಮಿಷಕ್ಕೆ ಮೊದಲನೆಯ ಪೊತ್. ಸ್ಟಾಪ್‌ವಾಚ್ ಕಿಟಕಿಯ ಮೇಲಿತ್ತು, ಮುಟ್ಟಲಿಲ್ಲ, ನನ್ನ ಉಸಿರಿಗೇ ಕಾದೆ. ಪೊತ್, ಅರ್ಧ ಉಸಿರು, ಪೊತ್. ಕೈಯಾಡಿಸಿದೆ. ಪೊತ್, ಮುಕ್ಕಾಲು ಉಸಿರು, ಪೊತ್. ಕೊನೆಗೊಮ್ಮೆ ಪೊತ್ ಎಂದಿತು, ನಾನು ಉಸಿರೆಳೆದುಕೊಂಡೆ, ನಿಧಾನವಾಗಿ, ಪೂರ್ತಿ. ಪೊತ್.

ಒಲೆಯ ಕಿವಿ ತಿರುವಲು ಕೈ ಇಟ್ಟೆ. ಅದೇ ಗಳಿಗೆಗೆ ಹಿಂದೆ ಬಾಗಿಲು ಕಿರ್ ಎಂದಿತು. ಇವಳು ಮೂಗಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಬಾಗಿಲ ಸಂದಿಯಲ್ಲಿ ನಿಂತು, ಈಗ, ಎಂದು ಬೆರಳು ಎತ್ತಿದ್ದಳು. ನನ್ನ ಕೈ ಆಗಲೇ ಒಲೆಯ ಮೇಲಿರುವುದನ್ನು ನೋಡಿದಳು. ಬೆರಳು ಹಾಗೇ ಗಾಳಿಯಲ್ಲಿ ಉಳಿಯಿತು. ಘಾಟಿದೆ, ಹೋಗು ಆಚೆ, ಎಂದು ಗದರಿದೆ. ಹೋದಳು.

ಬಿಸಿ ಇರುವಾಗಲೇ ವಿನೆಗರ್, ಸಕ್ಕರೆ ಸೇರಿಸಿದೆ. ತಣ್ಣಗಾದ ಮೇಲೆ ಬ್ರೆಡ್ಡಿನ ಮೇಲೆ ಮುಖ ಬರೆದೆ. ಬ್ರೆಡ್ಡನ್ನು ನೇರವಾಗಿ ನಿಲ್ಲಿಸಿದೆ, ಬೋರಲು ಹಿಡಿದೆ, ಕಣ್ಣು ಕದಲಲಿಲ್ಲ. ಇವಳು ಅದನ್ನು ನನ್ನ ಕೈಯಿಂದ ಕಸಿದುಕೊಂಡು ಮೊದಲು ಬಾಯಿ ತಿಂದಳು, ಆಮೇಲೆ ಎರಡು ಕಣ್ಣು. ತಿನ್ನುತ್ತ ಒಂದು ಗಳಿಗೆ ನಿಂತು ಏನೋ ಯೋಚಿಸಿದಳು. ಚೆನ್ನಾಗಿದೆಯಾ ಎಂದೆ. ತಲೆಯಾಡಿಸಿದಳು.

ಆರು ಬಾಟಲಿ. ಇಷ್ಟು ಖುಷಿ ಕಾರ್ಖಾನೆಯಲ್ಲಿ ಮೊದಲ ಬ್ಯಾಚ್ ಪಾಸಾದ ದಿನವೂ ಆಗಿರಲಿಲ್ಲ.


ತಾರೀಕು ೧೭, ಸೋಮವಾರ

ಮಷಿನ್ ಇನ್ನೂ ಬಿಚ್ಚಿಲ್ಲ. ಹೊಸ ಬ್ಯಾಟರಿ ಹಾಕಿದ ಮೇಲೆ ಸುಮ್ಮನೆ ಯಾಕೆ ಹಾಳು ಮಾಡುವುದು. ಕೂದಲು ಸ್ವಲ್ಪ ಉದ್ದ ಬಿಟ್ಟಿರುವುದರಿಂದ ಕಾಣುವುದಿಲ್ಲ. ಇವಳಿಗೆ ಗೊತ್ತಾಗಿಲ್ಲ.


ತಾರೀಕು ೧೯, ಬುಧವಾರ

ಬೆಳಿಗ್ಗೆ ಆರಕ್ಕೆ ಒಂದು ಹಕ್ಕಿ ನಮ್ಮ ಕಿಟಕಿಯ ಹೊರಗೆ ಯಾರನ್ನೋ ಬೈಯುತ್ತದೆ. ಎದುರಿಗೆ ಇನ್ನೊಂದು ಹಕ್ಕಿ ಉತ್ತರ ಕೊಡುವುದೇ ಇಲ್ಲ. ಟೈಲರನ ಮಷಿನ್ ಉದ್ದ ಹೊಲಿಗೆಗೆ ಒಂದು ಥರ ಓಡುತ್ತದೆ, ಗುಂಡಿ ಕಾಜಾಕ್ಕೆ ಇನ್ನೊಂದು ಥರ. ಇವತ್ತು ಅವನು ಮೂರು ಷರ್ಟು ಮುಗಿಸಿದ. ಕೆಳಗಿಳಿದಾಗ ಹೇಳಿದೆ, ಬೆರಗಾದ.

ಇವಳ ಬಳಪಕ್ಕೂ ಬೇರೆ ಬೇರೆ ಸದ್ದಿದೆ. ತಮಾಷೆ ಬರೆಯುವಾಗ ಕುಣಿಯುತ್ತ ಹೋಗುತ್ತದೆ. ಸಿಟ್ಟು ಬಂದಾಗ ಕಟ್, ಕಟ್ ಎಂದು ನಿಂತು ನಿಂತು ನಡೆಯುತ್ತದೆ. ಬೆನ್ನು ತಿರುಗಿಸಿ ಪೇಪರ್ ಓದುತ್ತಿದ್ದರೂ, ಒದ್ದೆ ಟವೆಲ್ ಮಂಚದ ಮೇಲೆ ಹಾಕಿದ್ದಕ್ಕೆ ಬೈಗುಳ ಬರುತ್ತಿದೆ ಎಂದು ಗೊತ್ತಾಯಿತು. ಅವಳು ಬರೆದು ಮುಗಿಸುವ ಮೊದಲೇ ಎದ್ದು ಟವೆಲ್ ಒಣಹಾಕಿ ಬಂದೆ. ಸ್ಲೇಟು ಹಿಡಿದು ಹಾಗೇ ನಿಂತಿದ್ದಳು, ಆಮೇಲೆ ಒರೆಸಿಬಿಟ್ಟಳು.

ತಟ್ಟೆ ಬಡಿಯುವುದನ್ನು ಯಾಕೋ ನಿಲ್ಲಿಸಿದ್ದಾಳೆ. ನನ್ನನ್ನು ಕರೆಯಲು ಈಗ ಸ್ಲೇಟಿನ ಅಂಚಿಗೆ ಉಗುರಿನಿಂದ ಎರಡು ಸಲ ತಟ್ಟುತ್ತಾಳೆ, ಅಷ್ಟೇ. ಕೈ ನೋಯುತ್ತಿರಬೇಕು ಪಾಪ.

ಮಧ್ಯಾಹ್ನ ಫೋನ್ ಹೊಡೆದುಕೊಂಡಿತು. ಇವಳು ಎತ್ತುವಂತಿಲ್ಲವಲ್ಲ, ನಾನೇ ಎತ್ತಿದೆ. ಮಗಳು. ಬರೆದು ಕಳಿಸುವ ಬದಲು ಯಾಕೆ ಮಾಡಿದಳೋ, ಅಭ್ಯಾಸಬಲ. ಸಾಸು ಗಟ್ಟಿಯಾದ ಕಥೆಯನ್ನೆಲ್ಲ ಹೇಳಿದೆ, ಅವಳ ಆಫೀಸಿನ ವಿಷಯ ಕೇಳಿದೆ, ಮನೆ ಬದಲಾಯಿಸುವ ಯೋಚನೆ ಇದೆಯಂತೆ. ಬಾಲ್ಕನಿ ಇರುವುದನ್ನೇ ನೋಡು ಎಂದೆ. ನಡುವೆ ಒಮ್ಮೆ ಅವಳ ಕಡೆಯಿಂದ ಏನೂ ಬರಲಿಲ್ಲ. ಮಷಿನ್ ಕೈಕೊಟ್ಟಿತೇ ಎಂದುಕೊಂಡೆ. ಆಮೇಲೆ, "ಅಪ್ಪ, ನಾವಿಬ್ರು ಫೋನಲ್ಲಿ ಮಾತಾಡಿ ಆರು ವರ್ಷ ಆಯ್ತು" ಎಂದಳು.

ನಾನು ಲೆಕ್ಕ ಇಟ್ಟಿರಲಿಲ್ಲ. ಅವಳು ಇಟ್ಟಿದ್ದಳು.


ತಾರೀಕು ೨೨, ಶನಿವಾರ

ಸೋಮವಾರ ಡಾಕ್ಟರ ಹತ್ತಿರ ಹೋಗಬೇಕು. ಇವಳು ಬಾಟಲಿಗಳಿಗೆ ಚೀಟಿ ಅಂಟಿಸಿದಳು, ಕ್ಲಾಸಿನ ಗೋಡೆಗೆ ಹಚ್ಚಲು ನಲವತ್ತು ಮಕ್ಕಳ ಹೆಸರು ದಪ್ಪಕ್ಷರದಲ್ಲಿ ಬರೆದಳು. ದನಿ ಬರುತ್ತದೆಂದೇ ಬರೆಯುತ್ತಿದ್ದಾಳೆ. ಬರದಿದ್ದರೆ ಬೇರೆಯವರು ಹಚ್ಚುತ್ತಾರೆ, ಅದಕ್ಕೂ ಆಗುತ್ತದೆ ಎಂದು ಕೊನೆಗೆ ಸ್ಲೇಟಿನಲ್ಲಿ ಬರೆದು ತೋರಿಸಿದಳು. ಬಳಪಕ್ಕೆ ಆಗ ಯಾವ ಸದ್ದೂ ಇರಲಿಲ್ಲ.

ನನಗೆ ಭಯವಾಗಿದೆ. ಇಲ್ಲಿ ಬರೆದರೆ ಅಡ್ಡಿಯಿಲ್ಲ. ಮನೆಯ ಎಲ್ಲ ಸದ್ದೂ ಒಂದೊಂದಾಗಿ 'ನಾನಿದ್ದೇನೆ' ಎಂದು ಮುಂದೆ ಬಂದು ನಿಂತಿವೆ. ಚಪ್ಪಲಿ, ಗಡಿಯಾರ, ಹಕ್ಕಿ, ನಲ್ಲಿ. ಒಂದು ಮಾತ್ರ ಬಾಕಿ. ಅದು ಬರದೇ ಹೋದರೆ ಉಳಿದವನ್ನೆಲ್ಲ ಕೇಳಿಕೊಂಡು ನಾನೇನು ಮಾಡಲಿ? ಮೂವತ್ತು ವರ್ಷ ಪಕ್ಕದಲ್ಲೇ ಇತ್ತು. ಕೂಗಿಸಿ ಕೂಗಿಸಿ ನಾನೇ ಹಾಳು ಮಾಡಿದೆ. ಮಕ್ಕಳ ಮೇಲೆ ತಪ್ಪು ಹೊರಿಸಿ ಮೊದಲ ದಿನ ಬರೆದದ್ದನ್ನು ಈಗಲೇ ಹೊಡೆದುಹಾಕುತ್ತೇನೆ.

ಇಲ್ಲ, ಇರಲಿ. ಓದಿದಾಗಲೆಲ್ಲ ನಾಚಿಕೆಯಾಗಲಿ.


ತಾರೀಕು ೨೪, ಸೋಮವಾರ

ನಿಧಾನವಾಗಿ ಬರೆಯಬೇಕು. ಒಂದೂ ಬಿಟ್ಟುಹೋಗಬಾರದು.

ಹತ್ತು ಗಂಟೆಗೆ ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ಎರಡು ಬಿಳಿಯ ಎಳೆಗಳು. ಸಾಸಿವೆ ಕಾಳುಗಳಿರಲಿಲ್ಲ. ಇದ್ದ ಜಾಗದಲ್ಲಿ ಒಂದಿಷ್ಟು ಕೆಂಪು, ಅದೂ ಹೋಗುತ್ತದೆಂದರು. ಆಪರೇಷನ್ ಬೇಡ. ಮೊದಲ ವಾರ ಗಂಟೆಗೆ ಐದೇ ನಿಮಿಷ ಮಾತು, ಆಮೇಲೆ ಹೆಚ್ಚಿಸುತ್ತ ಹೋಗಬಹುದು. ಬುಧವಾರ ಶಾಲೆಗೆ ಹೋಗಬಹುದು. "ಕ್ಲಾಸಲ್ಲಿ ಮಾತಾಡೋ ಹಾಗೇ ಮನೇಲೂ ಮಾತಾಡ್ಬೇಕು. ಮತ್ತೆ ಕೂಗಿದ್ರೆ ಗಂಟು ಮತ್ತೆ ಬರುತ್ತೆ" ಎಂದು ನನ್ನ ಕಡೆ ತಿರುಗಿ ಹೇಳಿದರು. ಈ ಸಲ ಚೀಟಿ ಬರೆದುಕೊಡಲಿಲ್ಲ, ಯಾಕೋ. ಆಗಲಿ ಎಂದೆ.

ಈಗ ಏನಾದರೂ ಮಾತಾಡಿ ನೋಡೋಣ ಎಂದು ಇವಳಿಗೆ ಹೇಳಿದರು.

ಇವಳು ಕುರ್ಚಿಯಿಂದ ಎದ್ದಳು. ನನ್ನ ಹತ್ತಿರ ಬರುತ್ತಾಳೆಂದುಕೊಂಡೆ. ಇಷ್ಟು ವರ್ಷ ಏನು ಹೇಳಬೇಕಾದರೂ ಭುಜ ಹಿಡಿದು ಕಿವಿಯ ಹತ್ತಿರವೇ ಬರುತ್ತಿದ್ದಳು. ಅವಳು ಆ ಕಡೆ ನಡೆದಳು. ಕೋಣೆಯ ಕೊನೆಯಲ್ಲಿದ್ದ ಕಿಟಕಿಯವರೆಗೆ ಹೋಗಿ, ತುಟಿ ನೋಡಿ ಓದುವುದಕ್ಕೂ ಆಗದಂತೆ ನನಗೆ ಬೆನ್ನು ಹಾಕಿ ನಿಂತಳು. ಡಾಕ್ಟರು ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಹೊರಗೆ ಬಸ್ಸೊಂದು ನಿಂತು, ಹೊರಟಿತು. ಅದು ಹೋಗುವವರೆಗೆ ಕಾದಳು.

ಆಮೇಲೆ ಹೇಳಿದಳು. ಮೆಲ್ಲಗೆ. ಪಕ್ಕದಲ್ಲಿ ಮಗು ಮಲಗಿದ್ದರೂ ಏಳದಷ್ಟು ಮೆಲ್ಲಗೆ.

"ಸಾಸಿಗೆ ಉಪ್ಪು ಕಮ್ಮಿ ಆಗಿದೆ ರೀ."

ಒಂದೊಂದು ಅಕ್ಷರವೂ ಬಂತು. ಕೊನೆಯ ಆ 'ರೀ' ಸಹ, ಸ್ವಲ್ಪ ಎಳೆದದ್ದು. ಕೊಂಚ ಒಡಕಿತ್ತು, ಒಳಗೆಲ್ಲೋ ನಗು ತಡೆಹಿಡಿದ ಹಾಗಿತ್ತು. ನನಗೆ ಗೊತ್ತಿದ್ದದ್ದು ಇವಳ ಕೂಗು. ಇವಳ ದನಿ ಇಷ್ಟು ಚೆನ್ನಾಗಿದೆಯೆಂದು ನಲವತ್ತು ಮಕ್ಕಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಎಂಟು ದಿನದಿಂದ ಯಾಕೆ ಹೇಳಲಿಲ್ಲ, ಸ್ಲೇಟಿನಲ್ಲಿ ಬರೆಯಬಹುದಿತ್ತಲ್ಲ ಎಂದೆ. ಇವಳು ತಿರುಗಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಡಾಕ್ಟರು ಗೋಡೆಯ ಗಡಿಯಾರ ನೋಡಿ, ಐದು ನಿಮಿಷದಲ್ಲಿ ಇನ್ನೂ ನಾಲ್ಕು ಬಾಕಿ ಇದೆ ಎಂದರು.

"ಕೇಳಿಸ್ತಾ?" ಎಂದಳು ಅಲ್ಲಿಂದಲೇ.

"ಕೇಳಿಸ್ತು" ಎಂದೆ. "ಇನ್ನೊಂದ್ಸಲ ಹೇಳು."

ಹೇಳಿದಳು.